ನಾದಿನಿಯ ಸಂಬಂಧಕ್ಕೆ ನಾಲ್ಕು ಹಳೇ ಕಂಪ್ಯೂಟರು

ಹೆಂಡತಿ ಕಡೆಯವರ ಪೈಕಿ ಯಾರಾದರೊಬ್ಬರ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದ್ದರೆ ಸಾಕು, ಅಳಿಯನಾದವನು ತನ್ನ ಭಾನುವಾರಗಳಿಗೆ ಎಳ್ಳುನೀರು ಬಿಟ್ಟ ಹಾಗೇ. ನನ್ನ ಹೆಂಡತಿ ಕಡೆಯವರಲ್ಲಿ ಎಲ್ಲರ ಮನೆಯಲ್ಲೂ ಒಂದೊಂದು ಇದೆ. ಹೋದ ವಾರವೂ ಒಂದು ಪ್ರಸಂಗ ಆಯಿತು, ಈ ವಾರವೂ ಆಗುತ್ತದೆ, ಬರೋ ವಾರಕ್ಕೆ ಈಗಾಗಲೇ ಫೋನು ಬಂದು ಕೂತಿದೆ.

ಹಾಗಂತ ನಾನು ಕಂಪ್ಯೂಟರ್ ಓದಿದವನಲ್ಲ. ಶ್ರೀರಂಗಪಟ್ಟಣದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡೋ ಮೇಷ್ಟ್ರು. ನನಗೆ ಗೊತ್ತಿರೋ ರಿಪೇರಿ ಎರಡೇ. ಒಂದು, ಆಫ್ ಮಾಡಿ ಆನ್ ಮಾಡೋದು. ಇನ್ನೊಂದು, ಬೇಡದ್ದನ್ನ ತೆಗೆದುಹಾಕೋದು. ಮೊದಲನೆಯದಕ್ಕೆ ನಮ್ಮ ಜನ ಒಪ್ಪುತ್ತಾರೆ. ಎರಡನೆಯದಕ್ಕೆ ಮಾತ್ರ ಪ್ರಾಣ ಹೋದರೂ ಒಪ್ಪೋದಿಲ್ಲ.

ಬಿರುದು ಬಂದದ್ದು

ಮದುವೆಯಾದ ಹೊಸತು. ಗೌರಿ ಹಬ್ಬಕ್ಕೆ ನಾಗಮಂಗಲದ ಮಾವನ ಮನೆಗೆ ಹೋಗಿದ್ದೆ. ಮಾವನದು ದಿನಸಿ ಅಂಗಡಿ. ಮನೆಯ ಹಾಲ್‌ನಲ್ಲಿ, ಮಕ್ಕಳು ಓದೋ ಕಾಲಕ್ಕೆ ತಂದ ಕಂಪ್ಯೂಟರು. ಅದರ ಮೇಲೆ ಹಳೇ ರೇಷ್ಮೆ ಸೀರೆಯ ತುಂಡಿನ ಹೊದಿಕೆ, ಪಕ್ಕದ ಡಬ್ಬದ ಮೇಲೆ ಮೂರು ಗೀಟು ವಿಭೂತಿ, ನಡುವೆ ಕುಂಕುಮ. ಹೋದ ಆಯುಧ ಪೂಜೆಯಿಂದ ಪರದೆ ಕಪ್ಪಾಗಿದೆಯಂತೆ. ರಿಪೇರಿಯವನು ಬಂದು, ಒಳಗಿನದೆಲ್ಲ ಹೋಗಿದೆ, ಹೊಸದು ತಗೊಳ್ಳಿ ಅಂದು ಕಾಫಿ ಕುಡಿದು ಹೋಗಿದ್ದನಂತೆ. ಮನೆಯವರೆಲ್ಲ ಅದನ್ನು ಕಾಯಿಲೆ ಬಿದ್ದ ಹಿರಿಯರನ್ನು ನೋಡೋ ಹಾಗೆ ನೋಡುತ್ತಿದ್ದರು.

ಹೊಸ ಅಳಿಯ, ಸುಮ್ಮನೆ ಕೂತರೆ ಚೆನ್ನಾಗಿರಲ್ಲ ಅಂತ ಎದ್ದು ಹೋಗಿ ಪರದೆಯ ಕೆಳಗೆ ಕೈ ಹಾಕಿದೆ. ಒಂದು ಗುಂಡಿ ಬೆರಳಿಗೆ ಸಿಕ್ಕಿತು. ಒತ್ತಿದೆ. ಪರದೆ ಬೆಳಗಿತು. ಪೂಜೆಯ ದಿನ ಕುಂಕುಮ ಇಡೋಕೆ ಹೋದ ಯಾರದೋ ಬೆರಳು ಅದನ್ನು ಆಫ್ ಮಾಡಿತ್ತು, ಅಷ್ಟೇ ಸಂಗತಿ.

ಮಾವ ಬೀದಿಗೇ ಓಡಿದರು. "ಬನ್ರಪ್ಪೋ, ನಮ್ಮ ಅಳಿಯಂದ್ರು ಕೈ ಇಟ್ರು, ಎದ್ದು ಕುಂತ್ಕತು!"

ಎದುರು ಮನೆಯವರು, ಪಕ್ಕದ ಮನೆಯವರು, ಹಾಲಿನವನು, ಎಲ್ಲ ಬಂದರು. ಅತ್ತೆ ನನಗೆ ದೃಷ್ಟಿ ತೆಗೆದರು. ನಾನು ಸಂಕೋಚದಿಂದ, "ಮಾವ, ಸ್ವಿಚ್ ಆಫ್ ಆಗಿತ್ತು, ಅಷ್ಟೇ. ನಾನೇನೂ ಮಾಡ್ಲಿಲ್ಲ" ಅಂದೆ.

ಮಾವ ಜನರ ಕಡೆ ತಿರುಗಿ, "ನೋಡುದ್ರಾ? ನಿಜವಾಗ್ಲೂ ಕಲ್ತೋರು ಇಂಗೇ ಕಣ್ರಪ್ಪ ಹೇಳಾದು" ಅಂದರು.

ಅವತ್ತಿಂದ ನಾನು ಕಂಪ್ಯೂಟರ್ ಅಳಿಯ.

ಶನಿ ಮೊದಲು ಬಂದದ್ದು

ಈ ವರ್ಷ ನನ್ನ ನಾದಿನಿಗೆ ಒಂದು ಸಂಬಂಧ ಬಂತು. ನಾದಿನಿ ನಾಗಮಂಗಲದಲ್ಲೇ ಒಂದು ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಗಟ್ಟಿ ಹುಡುಗಿ. ಎಂಥ ಪೈಲ್ವಾನ್ ಬಂದರೂ ಸೂಜಿ ತೋರಿಸಿ ಕೂರಿಸುತ್ತಾಳೆ. ಹುಡುಗ ಕೆ.ಆರ್. ಪೇಟೆಯವನು, ಅವನಪ್ಪ ಕಂಟ್ರಾಕ್ಟರು. ಅವರದು ಒಂದೇ ಷರತ್ತು: ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು.

ನಾದಿನಿ ನನಗೆ ಫೋನ್ ಮಾಡಿ ಹೇಳಿದಳು: "ಭಾವ, ನಂಗೆ ಈ ಸಂಬಂಧ ಬೇಡ. ಕೆಲ್ಸ ಬಿಡಲ್ಲ ನಾನು. ಅಮ್ಮಂಗೆ ಹೇಳಿದ್ರೆ ಅಪ್ಪಂಗೆ ಹೇಳು ಅಂತಾಳೆ. ಅಪ್ಪಂಗೆ ಹೇಳಿದ್ರೆ, ಕೇಳ್ಕೊಂಡು ಬಂದವ್ರಿಗೆ ಎಂಗವ್ವಾ ಇಲ್ಲ ಅನ್ನದು ಅಂತಾರೆ."

ಅದು ನಿಜ. ನಮ್ಮ ಮಾವನ ಬಾಯಲ್ಲಿ 'ಇಲ್ಲ' ಅನ್ನೋ ಮಾತು ಹುಟ್ಟೇ ಇಲ್ಲ. ಇನ್ಶೂರೆನ್ಸಿನವರು ಯಾರು ಬಂದರೂ ಒಂದು ಪಾಲಿಸಿ. ಪಕ್ಕದ ಮನೆಯವನು ಒಂದು ರಾತ್ರಿ ಮಟ್ಟಿಗೆ ಅಂತ ಕಟ್ಟಿದ ಹಸು ಇವರ ಹಿತ್ತಿಲಲ್ಲೇ ಎರಡು ಕರು ಹಾಕಿತು. ಅಂಥವರು ಗಂಡಿನ ಕಡೆಯವರಿಗೆ ಇಲ್ಲ ಅಂತಾರಾ?

ಜಾತಕ ಕೂಡದಿದ್ದರೆ ತಾನಾಗೇ ತಪ್ಪುತ್ತದೆ ಅಂತ ನನ್ನ ಲೆಕ್ಕ. ಜಾತಕ ನೋಡೋರು ನಮ್ಮ ಮನೆ ಮಾಲೀಕರೇ. ಪಟ್ಟಣದ ಒಂದು ಈಶ್ವರನ ಗುಡಿಯ ಅರ್ಚಕರು. ಮೇಲಿನ ಮಹಡಿಯಲ್ಲಿ ನಾವು, ಕೆಳಗೆ ಅವರು ಮತ್ತು ಅವರ ಕಂಪ್ಯೂಟರು. ರಾಹುಕಾಲ ನೋಡಿಕೊಂಡು ಗುಂಡಿ ಒತ್ತುತ್ತಾರೆ. ಆಮೇಲೆ ಸ್ನಾನ, ಸಂಧ್ಯಾವಂದನೆ, ಕಾಫಿ. ಇವೆಲ್ಲ ಮುಗಿಯೋ ಹೊತ್ತಿಗೆ ಅದು ಏಳುತ್ತದೆ. ಎದ್ದ ಕೂಡಲೇ ಸುಪ್ರಭಾತ, ಗಣಪತಿ ಸ್ತೋತ್ರ, ಪಂಚಾಂಗ, ಶನಿ ಅಷ್ಟೋತ್ತರ ಎಲ್ಲ ಒಟ್ಟಿಗೆ ಕೂಗಿಕೊಳ್ಳುತ್ತವೆ. ಯಾವ ದೇವರಿಗೆ ಯಾವ ಶ್ಲೋಕ ಅಂತ ಬಿಡಿಸೋಕೆ ಆ ದೇವರುಗಳಿಗೂ ಆಗಲಿಕ್ಕಿಲ್ಲ.

ಒಂದು ಬೆಳಿಗ್ಗೆ ಕರೆದರು. "ಏನಪ್ಪಾ ಮೇಷ್ಟ್ರೇ, ಇದು ಬಹಳ ನಿಧಾನ ಆಗಿದೆ ನೋಡು."

ನೋಡಿದೆ. "ಸ್ವಾಮಿ, ಇವೆಲ್ಲ ಆನ್ ಮಾಡಿದ ತಕ್ಷಣ ತಮ್ಮಷ್ಟಕ್ಕೆ ಏಳೋ ಪ್ರೋಗ್ರಾಮುಗಳು. ತೆಗೆದುಬಿಟ್ರೆ ಬೇಗ ಶುರುವಾಗುತ್ತೆ."

"ತೆಗೆಯೋದಾ? ಯಾರನ್ನ?"

"ಮೊದಲು ಈ ಗಣಪತೀನ..."

ಅರ್ಚಕರು ಎರಡೂ ಕಿವಿ ಮುಚ್ಚಿಕೊಂಡರು. "ಅದು ಗಣಪತಿ ಅಲ್ಲ ಸ್ವಾಮಿ, ಬರೀ ಪ್ರೋಗ್ರಾಮು" ಅಂದೆ. "ಹಾಗೆ ನೋಡಿದ್ರೆ ಗುಡಿಯೊಳಗಿರೋದೂ ಬರೀ ಕಲ್ಲಪ್ಪ" ಅಂದರು. ಸಮಾಜ ಪಾಠದಲ್ಲಿ ಇದಕ್ಕೆ ಉತ್ತರ ಇಲ್ಲ.

ಅಷ್ಟರಲ್ಲಿ ಅವರಿಗೇ ಇನ್ನೊಂದು ಕಂಡಿತು. "ಅಲ್ಲಯ್ಯಾ, ಮೊದಲು ಏಳೋದು ಶನಿ! ಗಣಪತಿಗಿಂತ ಮುಂಚೆ! ಇದೆಂಥಾ ಅಪಶಕುನ?"

"ಶನಿ ಪ್ರೋಗ್ರಾಮು ಚಿಕ್ಕದು ಸ್ವಾಮಿ, ಬೇಗ ಬರುತ್ತೆ. ಗಣಪತಿದು ಇಲಿ ಓಡಾಡೋದು, ಸೊಂಡಿಲು ಆಡಿಸೋದು ಎಲ್ಲ ಇದೆ, ಭಾರ."

"ಶನಿಗೆ ಮಂದ ಅಂತಲೇ ಹೆಸರು. ಗ್ರಹಗಳಲ್ಲೆಲ್ಲ ನಿಧಾನ ಅವನೇ. ಅವನಿಗಿಂತಲೂ ನಿಧಾನ ಅಂದ್ರೆ ನನ್ನ ಕಂಪ್ಯೂಟರಿಗೆ ಯಾವ ದೆಸೆ ನಡೀತಿದೆಯೋ!"

ಜಾತಕದ ಪ್ರೋಗ್ರಾಮು ಹಿಂದೆ ತೆರೆದೇ ಇತ್ತು. 'ಅತ್ಯುತ್ತಮ ಹೊಂದಾಣಿಕೆ' ಅಂತ ಹಸಿರು ಅಕ್ಷರ. ಮೇಲೆ ನೋಡಿದರೆ ನಮ್ಮ ಹುಡುಗಿಯ ಹೆಸರಲ್ಲ, ಯಾರೋ ಬೇರೆಯವರದು. ಏನು ಒತ್ತಿದರೂ ಅಲ್ಲಾಡಲಿಲ್ಲ.

"ಸ್ವಾಮಿ, ಇದು ನಿಂತುಹೋಗಿದೆ, ಆನ್ ಮಾಡಿದಾಗಲೆಲ್ಲ ಹಳೇ ಪುಟವೇ ಬರುತ್ತೆ. ಎಷ್ಟು ದಿನದಿಂದ ಹೀಗೇ ತೋರಿಸ್ತಿದೆ?"

ಅರ್ಚಕರು ಯೋಚಿಸಿದರು. "ಒಂದು ವಾರದಿಂದ ಬಂದವರಿಗೆಲ್ಲ ಬಹಳ ಚೆನ್ನಾಗಿ ಕೂಡಿ ಬರ್ತಿದೆ. ಕಾಲ ಒಳ್ಳೇದಾಗಿದೆ ಅಂದ್ಕೊಂಡೆ."

"ನಮ್ಮ ಮಾವನಿಗೆ ಹೇಳಿಬಿಟ್ರಾ?"

"ನಿನ್ನೇನೇ ಫೋನ್ ಮಾಡಿ ಆಶೀರ್ವಾದವನ್ನೂ ಮಾಡಿಬಿಟ್ಟೆ."

"ಹಾಗಾದ್ರೆ ಇನ್ನೊಂದು ಸಲ ಮಾಡಿ, ತಪ್ಪಾಯ್ತು ಅಂತ ಹೇಳಿ ಸ್ವಾಮಿ."

"ಕೂಡಿದ ಜಾತಕ ಕೆಡಿಸೋ ಪಾಪ ನನಗೆ ಯಾಕಪ್ಪಾ? ಕೂಡಿಸಿದ್ದು ಅದು. ಬೇಕಾದರೆ ಅದರ ಬಾಯಲ್ಲೇ ಹೇಳಿಸು."

ಅಗಲವಾದ ಹಣೆ

ಬೆಳಗೊಳದಲ್ಲಿ ನನ್ನ ಷಡ್ಡಕ ಇದ್ದಾರೆ, ಮಾವನ ಹಿರಿಯ ಅಳಿಯ. ಕನ್ನಂಬಾಡಿ ಕಟ್ಟೆಯ ಕಡೆ ನೀರಿನ ಕೆಲಸದಲ್ಲಿರೋರು. ಮನೆಯಲ್ಲಿ ಅವರ ಮಾತೇ ಮಾತು. ಹುಡುಗನ ಫೋಟೋ ಅವರಿಗೆ ಮೇಲ್‌ನಲ್ಲಿ ಬಂದಿತ್ತು. ನೋಡಿ, "ಹುಡುಗ ಲಕ್ಷಣವಾಗವ್ನೆ" ಅಂತ ತೀರ್ಪು ಕೊಟ್ಟೂ ಆಗಿತ್ತು.

ಬ್ರೌಸರು ನಿಧಾನ ಆಗಿದೆ ಅಂತ ಕರೆದರು, ಹೋದೆ. ತೆರೆದರೆ ತಲೆಯ ಭಾಗದಲ್ಲಿ ಪಟ್ಟಿ, ಅದರ ಕೆಳಗೆ ಪಟ್ಟಿ, ಅದರ ಕೆಳಗೆ ಇನ್ನೊಂದು. ಹವಾಮಾನದ ಪಟ್ಟಿ, ಆಟದ ಪಟ್ಟಿ, ಹುಡುಕೋ ಪಟ್ಟಿಗಳೇ ಒಂದು ಹಿಂಡು. ಬಿಟ್ಟಿ ಸಿಕ್ಕ ಪ್ರೋಗ್ರಾಮುಗಳನ್ನೆಲ್ಲ ಹಾಕಿಕೊಂಡಿದ್ದಾರೆ, ಒಂದೊಂದೂ ಬರುವಾಗ ತನ್ನ ನೆಂಟನನ್ನ ಕರಕೊಂಡು ಬಂದಿದೆ. ಇವೆಲ್ಲ ಮುಗಿದು ಕೆಳಗೆ ಪುಟ ಅಂತ ಉಳಿದಿರೋದು ಎರಡು ಬೆರಳಗಲ.

"ಅಣ್ಣ, ಇದರಲ್ಲಿ ಏನು ಕಾಣಿಸ್ತದೆ ನಿಮಗೆ?"

"ಯಾಕಯ್ಯಾ, ಎಲ್ಲಾರ್ದೂ ಇಂಗೇ ಅಲ್ವಾ? ಗೇಟಲ್ಲಿ ನೀರು ಬುಟ್ಟಂಗೆ ವಸಿ ವಸಿ ನೋಡ್ಕಬೇಕು."

"ಹುಡುಗನ ಫೋಟೋ?"

"ನೋಡ್ದೆ. ಹಣೆ ಒಳ್ಳೇ ಅಗಲ. ಕೆಳಗಡೆ ಎಳ್ಯಕ್ಕೋದೆ, ಅಲ್ಲೇ ನಿಂತ್ಕತು. ಅಷ್ಟು ಅಗಲವಾದ ಹಣೆ ಇರೋನು ಎಲ್ಲಾದ್ರೂ ಕೆಟ್ಟೋನಾಗಕ್ಕಾಯ್ತದಾ?"

ಒಂದು ಹುಡುಗಿಯ ಬಾಳಿನ ತೀರ್ಪು ಎರಡು ಬೆರಳಗಲದ ಕಿಂಡಿಯಿಂದ ಬಂದಿತ್ತು! ನನಗೆ ಸಿಟ್ಟು ನೆತ್ತಿಗೇರಿತು. ಕೂತು ಒಂದೊಂದೇ ಪಟ್ಟಿ ಕಿತ್ತೆ. ಪರದೆ ವಿಶಾಲವಾಯಿತು. ಹುಡುಗನ ಹಣೆ, ಹಣೆಯ ಕೆಳಗೆ ಇಡೀ ಲೋಕದ ಮೇಲೆ ಅಸಹ್ಯ ಪಟ್ಟುಕೊಂಡ ಕಣ್ಣು, ಅದರ ಕೆಳಗೆ ನಿಂಬೆಹುಳಿ ಕಚ್ಚಿದ ಬಾಯಿ, ಎಲ್ಲ ಒಟ್ಟಿಗೆ ಪ್ರತ್ಯಕ್ಷ ಆದವು.

ಷಡ್ಡಕರು ಬಹಳ ಹೊತ್ತು ನೋಡಿದರು. "ಈಗೇನಣ್ಣ ಹೇಳ್ತೀರಿ?" ಅಂದೆ.

"ಮೊದ್ಲಿದ್ದಂಗೇ ಮಾಡ್ಬುಡಯ್ಯ. ಅದೇ ಚೆಂದಾಗಿತ್ತು" ಅಂದರು.

ಕಳ್ಳನಿಗೂ ಒಂದು ತಾಳ್ಮೆ

ಈ ಸಂಬಂಧ ತಂದವರು ಪಾಂಡವಪುರದ ಸೋದರಮಾವ, ಅಂದರೆ ನಮ್ಮ ಅತ್ತೆಯ ತಮ್ಮ. ಆಲೆಮನೆ ಇದೆ. ಆಲೆಮನೆಯ ಮಗ್ಗುಲಲ್ಲಿ ಒಂದು ಕೋಣೆ, ಅದರಲ್ಲಿ ಒಂದು ಕಂಪ್ಯೂಟರು. ಬೆಲ್ಲದ ಕೈಯಲ್ಲೇ ಒತ್ತೀ ಒತ್ತೀ ಗುಂಡಿಗಳ ಮೇಲಿನ ಅಕ್ಷರ ಮಾಯವಾಗಿವೆ. ಕೀಬೋರ್ಡು ತಿರುಗಿಸಿ ಒದರಿದರೆ ಮೊದಲು ಇರುವೆ ಬೀಳುತ್ತವೆ, ಆಮೇಲೆ ಕಸ.

ಇವರ ಹತ್ತಿರವೇ ಮಾತಾಡಿ ಸಂಬಂಧ ತಪ್ಪಿಸೋಣ ಅಂತ ನಾನು ಹೋಗಿದ್ದೆ. ಅವರು ನನ್ನನ್ನು ಕಂಡದ್ದೇ, "ಬಂದ್ಯಾ? ಒಳ್ಳೇ ಟೈಮಿಗೆ ಬಂದೆ ಕಣಯ್ಯ. ಇದ್ಕೆ ವೈರಸ್ ಬಂದಿತ್ತು" ಅಂದರು.

ಆಗಿದ್ದು ಇಷ್ಟು. ಬೆಲ್ಲದ ಧಾರಣೆ ನೋಡೋಕೆ ಬ್ರೌಸರು ತೆಗೆದಿದ್ದಾರೆ. ಪರದೆ ಪೂರ್ತಿ ಕೆಂಪಾಗಿದೆ, ಕುಯ್ಯೋ ಅಂತ ಕೂಗಿದೆ, ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ ಅಂತ ಬಂದಿದೆ. ಇವರು ಮಾಡಿದ್ದಾರೆ. ಅತ್ತ ಕಡೆ ಒಬ್ಬ ಮೋಸಗಾರ, ಕನ್ನಡ ಬಲ್ಲವನು. ಸಾರ್, ಗಾಬರಿಯಾಗಬೇಡಿ, ನಾನು ಹೇಳೋ ಒಂದು ಪ್ರೋಗ್ರಾಮು ಹಾಕಿಕೊಳ್ಳಿ, ಇಲ್ಲಿಂದಲೇ ಸರಿ ಮಾಡ್ತೀನಿ ಅಂದಿದ್ದಾನೆ. ಅಂದರೆ ಒಳಗೆ ನುಗ್ಗಿ ಬ್ಯಾಂಕಿಗೆ ಕೈ ಹಾಕೋ ಉಪಾಯ.

"ನಾನು ಅಂದೆ, ಇರಪ್ಪ, ಆಫ್ ಮಾಡಿ ಆನ್ ಮಾಡ್ತೀನಿ, ನಮ್ಮ ಅಳಿಯ ಅಂಗೇ ಏಳ್ಕೊಟ್ಟವ್ನೆ ಅಂತ. ಆನ್ ಮಾಡ್ದೆ. ಅದು ಸುತ್ತತಾ ಕುಂತ್ಕತು. ಅಷ್ಟ್ರಲ್ಲಿ ಕೊಪ್ಪರಿಗೇಲಿ ಪಾಕ ಬಂತು. ಫೋನು ಅಂಗೇ ಮಡಗ್ಬುಟ್ಟು ಹೋಗಿ ಬೆಲ್ಲ ಇಳಿಸ್ಬುಟ್ಟು ಬಂದೆ. ಆದ್ರೂ ಲೈನಲ್ಲೇ ಅವ್ನೆ ಪುಣ್ಯಾತ್ಮ! ಕಂಪ್ಯೂಟ್ರು ಇನ್ನೂವೆ ಎದ್ದಿಲ್ಲ. ಸುಮ್ನಿರದ್ಯಾಕೆ ಅಂತ, ಯಾವೂರಪ್ಪ, ಮದ್ವೆ ಆಗದ್ಯಾ ಅಂದೆ. ಇಲ್ಲ ಅಂದ. ಎಷ್ಟು ವಯಸ್ಸು, ಸ್ವಂತ ಮನೆ ಐತಾ ಎಲ್ಲ ಕೇಳ್ದೆ. ಒಳ್ಳೇ ಹುಡುಗ. ಕೆ.ಆರ್. ಪೇಟೆಯದು ಮೊದ್ಲು ಸಿಗದೆ ಇದ್ದಿದ್ರೆ ಇವ್ನನ್ನೇ ನೋಡ್ಬೋದಾಗಿತ್ತು."

"ಆಮೇಲೆ? ಆ ಪ್ರೋಗ್ರಾಮು ಹಾಕಿಸಿದ್ನಾ?"

"ಎಲ್ಲಿ! ಅರ್ಧಕ್ಕೆ ಬಂದು ನಿಂತೋಯ್ತು. ಇನ್ನೊಂದ್ಸಲ ಆನ್ ಮಾಡ್ದೆ. ಅವ್ನೇ ಸುಸ್ತಾಗಿ ಅಂದ, ಅಂಕಲ್, ನಿಮ್ಮ ಕಂಪ್ಯೂಟ್ರಲ್ಲಿ ಶುರುವಾಗುವಾಗ್ಲೇ ಬ್ಯಾಡದ್ದು ಬಾಳ ಏಳ್ತಾವೆ, ಮೊದ್ಲು ಅವ್ನೆಲ್ಲ ತೆಗೆಸಿ, ಆಮೇಲೆ ನಾನೇ ಫೋನ್ ಮಾಡ್ತೀನಿ ಅಂತ."

ನಾನು ಇಷ್ಟು ವರ್ಷದಿಂದ ಇವರಿಗೆ ಅದನ್ನೇ ಬಡಕೊಂಡಿದ್ದೇನೆ. ಕಿವಿಗೆ ಹಾಕಿಕೊಂಡಿರಲಿಲ್ಲ. ಕಳ್ಳ ಹೇಳಿದ ಕೂಡಲೇ ಜ್ಞಾನೋದಯ ಆಗಿದೆ.

"ಅವನು ಕಳ್ಳ ಮಾವ! ನಿಮ್ಮ ದುಡ್ಡು ಹೊಡೆಯೋಕೆ ಬಂದವನು! ಈ ಕಂಪ್ಯೂಟ್ರು ಕೆಟ್ಟಿದ್ದಕ್ಕೆ ನೀವು ಬಚಾವಾದ್ರಿ" ಅಂತ ಕೂಗಿದೆ.

ಸೋದರಮಾವ ಬೇಜಾರಿನಿಂದ ನನ್ನ ಮುಖ ನೋಡಿದರು. "ಬುಡಯ್ಯ, ಎಲ್ಲಾರ್ನೂ ಅನುಮಾನಿಸ್ಬಾರ್ದು. ಬಿರ್‍ನೆ ತೆಕ್ಕೊಡು, ಪಾಪ ಆ ಹುಡುಗ ಕಾಯ್ತಾ ಕುಂತವ್ನೆ."

ಇಂಥವರು ಆರಿಸಿದ ಗಂಡು!

ಕೇಳಿದೋರಿಗೆ ಇಲ್ಲ ಅನ್ನದೆಂಗೆ

ಭಾನುವಾರ ಹೆಣ್ಣು ನೋಡೋ ಶಾಸ್ತ್ರ ಅಂತ ಗೊತ್ತಾಯಿತು. ಶನಿವಾರವೇ ಬನ್ನಿ ಅಂತ ನನಗೆ ಮಾವನ ಬುಲಾವು. ನಾದಿನಿಯ ಸರ್ಟಿಫಿಕೇಟು, ಫೋಟೋ ಎಲ್ಲ ದೊಡ್ಡ ಪರದೆಯ ಮೇಲೆ ತೋರಿಸಬೇಕಂತೆ, ಕಂಪ್ಯೂಟರನ್ನ ಅಣಿ ಮಾಡಬೇಕಂತೆ.

ಬ್ರೌಸರು ತೆಗೆದೆ. ಬಲಗಡೆ ಮೂಲೆಯಲ್ಲಿ ಟಿಂಗ್ ಅಂತ ಒಂದು ಚೀಟಿ ಎದ್ದಿತು: ರಮ್ಮಿ ಆಡಿ ಕಾರು ಗೆಲ್ಲಿ. ಅದು ಇಳಿಯೋ ಮೊದಲು ಇನ್ನೊಂದು: ಹೊಟ್ಟೆ ಕರಗಿಸೋ ಕಷಾಯ. ಆಮೇಲೆ ಕೊಬ್ಬರಿ ಧಾರಣೆ, ಮಂಡಿನೋವಿನ ಎಣ್ಣೆ, ಜಪಾನಿನ ಚಾಕು. ಟಿಂಗ್ ಟಿಂಗ್ ಅಂತ ಬಂದದ್ದೇ ಬಂದದ್ದು.

"ಮಾವ, ಇದೇನಿದು ಸಂತೆ?"

"ಅದೇ ಅಳಿಯಂದ್ರೇ, ಒಂದೊಂದು ಪುಟ ತೆಗೆದಾಗ್ಲೂ ಒಬ್ಬೊಬ್ರು ಬಂದು, ನಿಮಗೆ ಸುದ್ದಿ ಕಳಿಸ್ಬೋದಾ ಅಂತ ಕೇಳ್ತಾರೆ. ನಾನು 'ಬನ್ನಿ' ಅಂತ ಅಲೋ ಗುಂಡಿ ಒತ್ತಿದೆ."

"ಎಲ್ಲರಿಗೂ?"

"ಮತ್ತಿನ್ನೇನು? ಬಾಗ್ಲಿಗೆ ಬಂದು ಮರ್ಯಾದೆಯಾಗಿ ಕೇಳ್ತಾವ್ರೆ. ಕೇಳ್ದೆ ನುಗ್ಗಿದ್ರೆ ಒದ್ದು ಓಡಿಸ್ಬೋದಾಗಿತ್ತು."

"ಪಕ್ಕದಲ್ಲೇ ಬ್ಲಾಕ್ ಅಂತ ಒಂದು ಗುಂಡಿ ಇರುತ್ತಲ್ಲ ಮಾವ, ಅದನ್ನ ಒತ್ತಬೇಕು."

"ಮುಖದ ಮೇಲೆ ಒಡದಂಗೆ ಎಂಗೆ ಅನ್ನದು?"

ಇದರ ಜೊತೆಗೆ, ಮಗಳಿಗೆ ಗಂಡು ಹುಡುಕೋ ಭರದಲ್ಲಿ ಸಿಕ್ಕಸಿಕ್ಕ ಮದುವೆ ವೆಬ್‌ಸೈಟಿಗೆಲ್ಲ ಹೆಸರು ಕೊಟ್ಟಿದ್ದರು. ಅವುಗಳಿಗೂ ಅಲೋ. ನಾನು ಕೂತು ಎಲ್ಲರ ಅನುಮತಿ ರದ್ದು ಮಾಡಿದೆ. ಪರದೆ ತಣ್ಣಗಾಯಿತು. ನನಗೆ ಹೆಮ್ಮೆಯಾಯಿತು. ಅತ್ತೆ ಕರೆದರು ಅಂತ ಕಾಫಿ ಕುಡಿಯೋಕೆ ಹೋಗಿ ಬರೋಷ್ಟರಲ್ಲಿ ಮತ್ತೆ ಟಿಂಗ್ ಟಿಂಗ್ ಟಿಂಗ್.

"ನೀವು ಅತ್ಲಾಗೆ ಹೋದ್ರಿ, ಎಲ್ಲಾರೂ ಒಬ್ಬೊಬ್ರಾಗೇ ವಾಪಸ್ ಬಂದು ಕೇಳುದ್ರು" ಅಂದರು ಮಾವ. "ಪಾಪ, ಎಲ್ಲಾರ್ನೂ ಓಡಿಸ್ಬುಟ್ಟಿದ್ರಿ ನೀವು."

ನಾನು ಧೈರ್ಯ ಮಾಡಿ, "ಮಾವ, ಹುಡುಗಿಗೆ ಈ ಸಂಬಂಧ ಇಷ್ಟ ಇಲ್ಲ. ನಾಳೆ ಅವರಿಗೆ ಹೇಳಿಬಿಡಿ" ಅಂದೆ. ಮಾವ ಪರದೆ ನೋಡುತ್ತಾ, "ಜಪಾನಿನ ಚಾಕು ಚೆಂದಾಗೈತೆ ಅಲ್ವಾ?" ಅಂದರು.

ಅಡುಗೆ ಮನೆ ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ ಬೆಂಕಿ. "ಭಾವ, ನಿಮ್ಮ ಕೈಲಿ ಒಂದು ಕಂಪ್ಯೂಟ್ರಿನ ಬಾಯಿ ಮುಚ್ಚಿಸಕ್ಕಾಗ್ಲಿಲ್ಲ. ಅಪ್ಪನ ಬಾಯಿ ಬಿಡಿಸ್ತೀರಾ? ಸುಮ್ನೆ ಕಾಫಿ ಕುಡೀರಿ."

ಕುಡಿದೆ. ಇನ್ನೇನು ಮಾಡಲಿ?

ಮೂಲೆಯಲ್ಲಿ ಎದ್ದ ವರ

ಭಾನುವಾರ ಗಂಡಿನ ಕಡೆಯವರು ಬಂದರು. ಕಂಟ್ರಾಕ್ಟರು, ಅವರ ಹೆಂಡತಿ, ಹುಡುಗ, ಜೊತೆಗೆ ನಮ್ಮ ಪಾಂಡವಪುರದ ಸೋದರಮಾವ. ಹುಡುಗ ಬಂದವನೇ ಕುರ್ಚಿಯ ಮೇಲೆ ಕೂತು, ತೊಡೆಯ ಮೇಲೆ ಮೊಬೈಲು ಇಟ್ಟುಕೊಂಡು ತಲೆ ಬಗ್ಗಿಸಿದ. ನಾಚಿಕೆ ಸ್ವಭಾವ ಅಂತ ನಮ್ಮ ಅತ್ತೆಗೆ ಖುಷಿಯಾಯಿತು.

ನಾದಿನಿ ಕಾಫಿ ತಟ್ಟೆ ಹಿಡಿದು ಬಂದಳು. ಕಂಟ್ರಾಕ್ಟರು ಲೋಟ ತೆಗೆದುಕೊಳ್ಳುತ್ತಾ, "ನೋಡವ್ವ, ನಮ್ಮನೆಲಿ ಹೆಣ್ಮಕ್ಕಳು ದುಡಿಯಾಕೆ ಹೋಗೋ ಪದ್ಧತಿ ಇಲ್ಲ. ಆ ರಕ್ತ ಗಿಕ್ತ ಎಲ್ಲ ಬುಟ್ಬುಡ್ಬೇಕು" ಅಂದರು.

ನಾದಿನಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು. "ಊಂ, ಆಯ್ತದೆ ಬುಡಿ" ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. ಆದರೆ ಕಿರಿಯ ಅಳಿಯ ಬಾಯಿ ಬಿಟ್ಟರೆ ಮರ್ಯಾದೆಯಲ್ಲ ಅಂತ ಹಿರಿಯ ಅಳಿಯ ಬೆಳಗೊಳದಿಂದ ಫೋನಿನಲ್ಲೇ ಹೇಳಿಕೊಟ್ಟಿದ್ದರು.

ನಾನು ಸರ್ಟಿಫಿಕೇಟು ತೋರಿಸೋಕೆ ಹೊರಟೆ. ಕಂಟ್ರಾಕ್ಟರು ಕೈ ಎತ್ತಿದರು. "ಅದೆಲ್ಲ ಯಾಕೆ? ಕೆಲ್ಸಕ್ಕೇ ಹೋಗಲ್ಲ ಅಂದ್ಮೇಲೆ ಸರ್ಟಿಫಿಕೇಟು ನೋಡಿ ಏನಾಗ್ಬೇಕು? ಬ್ರೌಸರು ತೆಗೀರಿ, ನಮ್ಮ ಹೊಸಮನೆ ತೋರಿಸ್ತೀನಿ. ಮ್ಯಾಪಲ್ಲಿ ಮೇಲಿಂದಾನೇ ಎದ್ದು ಕಾಣ್ತದೆ."

ತೆಗೆದೆ. ಮ್ಯಾಪು ಬರೋದು ನಿಧಾನ, ಚಕ್ರ ಸುತ್ತುತ್ತಾ ಕೂತಿತು. ಅಷ್ಟರಲ್ಲಿ ಮೂಲೆಯಲ್ಲಿ ಟಿಂಗ್. ರಮ್ಮಿ. ಟಿಂಗ್. ಹೊಟ್ಟೆ ಕರಗಿಸೋ ಕಷಾಯ. ಕಂಟ್ರಾಕ್ಟರು ಹೊಟ್ಟೆ ಸ್ವಲ್ಪ ಒಳಗೆಳೆದುಕೊಂಡರು. ಮತ್ತೊಂದು ಟಿಂಗ್. ಒಂದು ಫೋಟೋ. ಅಗಲವಾದ ಹಣೆ, ಕೆಳಗೆ ನಿಂಬೆಹುಳಿ ಕಚ್ಚಿದ ಬಾಯಿ.

ಮೊದಲು ಗುರುತು ಹಿಡಿದವರು ಹುಡುಗನ ತಾಯಿ. ಮಗ ಟಿವಿಯಲ್ಲಿ ಬಂದಷ್ಟು ಸಂತೋಷ ಆಯಿತು ಅವರಿಗೆ. "ಅಯ್ಯೋ, ನಮ್ಮ ಹುಡ್ಗ ಕಣ್ರೀ! ಎಷ್ಟು ಚೆಂದಾಗಿ ಬಂದದೆ ನೋಡ್ರೀ!"

ನಾನು ಅದನ್ನು ಮುಚ್ಚೋಕೆ ಪ್ರಯತ್ನಪಟ್ಟೆ. ಮನಸಾರೆ ಪ್ರಯತ್ನಪಟ್ಟೆ ಅಂತ ಹೇಳಿದರೆ ನನ್ನ ಹೆಂಡತಿ ಇವತ್ತಿಗೂ ನಗುತ್ತಾಳೆ. ಆದರೆ ಕಂಪ್ಯೂಟರು ಅಲ್ಲಿಗೇ ನಿಂತುಹೋಗಿತ್ತು. ಬಾ ಅಂದರೆ ಬರಲ್ಲ, ಹೋಗು ಅಂದರೆ ಹೋಗಲ್ಲ. ಪಾಂಡವಪುರದ ಸೋದರಮಾವ ಕನ್ನಡಕ ಹಾಕಿಕೊಂಡು ಮುಂದೆ ಬಂದು, ತಾವು ತಂದ ಗಂಡಿನ ಗುಣಗಾನ ಅಂದುಕೊಂಡು, ದೊಡ್ಡ ದನಿಯಲ್ಲಿ ಓದೋಕೆ ಶುರು ಮಾಡಿದರು.

"ನಿಮ್ಮ ಮಗಳಿಗಾಗಿ ಹೊಸ ವರ. ವಯಸ್ಸು ಇಪ್ಪತ್ತೇಳು." ನಿಲ್ಲಿಸಿ ಹುಡುಗನ ಕಡೆ ತಿರುಗಿದರು. "ಮೂವತ್ತೆರಡು ಅಂತ ಏಳಿದ್ರಲ್ಲ?"

"ಮುಂದೆ ಓದಿ ಮಾವ" ಅಂದಳು ನಾದಿನಿ.

"ಮೈಸೂರಲ್ಲಿ ಸ್ವಂತ ಮನೆ. ಕೆಲಸದಲ್ಲಿರುವ... ಕೆಲಸದಲ್ಲಿರುವ ವಧುವಿಗೆ ಮಾತ್ರ ಆದ್ಯತೆ."

ಕಂಟ್ರಾಕ್ಟರು ಕಾಫಿ ಲೋಟ ಕೆಳಗಿಟ್ಟರು.

"ಇಲ್ಲೊಂದು ಹಸಿರು ಚುಕ್ಕೆ ಐತೆ" ಅಂದರು ಸೋದರಮಾವ, ಇನ್ನೂ ಹತ್ತಿರ ಬಗ್ಗಿ. "ಈಗ ಆನ್‌ಲೈನ್‌ನಲ್ಲಿದ್ದಾರೆ."

ಅಷ್ಟೂ ಜನ ಒಟ್ಟಿಗೆ ತಿರುಗಿ ಹುಡುಗನ ಕೈ ನೋಡಿದೆವು. ಹೆಣ್ಣು ನೋಡೋಕೆ ಬಂದ ಮನೆಯಲ್ಲಿ ಕೂತು, ತಲೆ ಬಗ್ಗಿಸಿ, ಮೊಬೈಲಿನಲ್ಲಿ ಬೇರೆ ಹೆಣ್ಣು ನೋಡುತ್ತಿದ್ದ! ಮೊಬೈಲನ್ನು ತೊಡೆಯ ಕೆಳಗೆ ತಳ್ಳಿದ. ಪರದೆಯ ಮೇಲೆ ಹಸಿರು ಚುಕ್ಕೆ ಹಾಗೇ ಉರಿಯುತ್ತಿತ್ತು.

ನಾದಿನಿ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಲ್ಯಾಬಿನಲ್ಲಿ ಸೂಜಿ ಹಿಡಿದಾಗ ಅವಳ ದನಿ ಹೇಗಿರುತ್ತದೋ ಹಾಗೇ ಕೇಳಿದಳು, "ಯಜಮಾನ್ರೇ, ನಿಮಗೆ ಇಬ್ಬರು ಮಕ್ಕಳಾ? ಇಪ್ಪತ್ತೇಳರವ್ನಿಗೆ ಕೆಲ್ಸಕ್ಕೆ ಹೋಗೋಳು ಬೇಕಂತೆ, ಮೂವತ್ತೆರಡರವ್ನಿಗೆ ಬೇಡ್ವಂತೆ. ನನ್ನನ್ನ ಯಾರಿಗೆ ನೋಡಕ್ಕೆ ಬಂದ್ರಿ?"

ಕಂಟ್ರಾಕ್ಟರು ಕೆಮ್ಮಿದರು. "ಅದು ಕಂಪ್ಯೂಟ್ರಿನ ಮಿಸ್ಟೇಕು ಕಣವ್ವ. ಹಳೇ ಕಂಪ್ಯೂಟ್ರು ಇಂಗೇ ಏನೇನೋ ತೋರಿಸ್ತದೆ." ಆಮೇಲೆ ಮಾವನ ಕಡೆ ತಿರುಗಿ ನಕ್ಕರು. ಆ ನಗುವಿನ ಅರ್ಥ ನಮಗೆಲ್ಲ ಗೊತ್ತು. ಈ ಮನುಷ್ಯ ಇಲ್ಲ ಅನ್ನೋದಿಲ್ಲ ಅಂತ ಅವರಿಗೂ ಗೊತ್ತಿತ್ತು. "ಏನಂತೀರಿ ಗೌಡ್ರೇ? ತಾಂಬೂಲ ಬದಲಾಯಿಸ್ಕೊಂಬುಡಾಣ್ವಾ?"

ಮಾವ ಎದ್ದು ನಿಂತರು. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಹೆರಿಗೆ ನೋವಾದರೂ ಇದಕ್ಕಿಂತ ವಾಸಿ.

"ಇಲ್ಲ" ಅಂದರು.

ಅಡುಗೆ ಮನೆಯಲ್ಲಿ ಅತ್ತೆಯ ಕೈಯಿಂದ ಸೌಟು ಬಿತ್ತು. ಸೋದರಮಾವ ಕನ್ನಡಕ ತೆಗೆದರು.

"ಏನಂದ್ರಿ?" ಅಂದರು ಕಂಟ್ರಾಕ್ಟರು.

"ಇಲ್ಲ ಅಂದೆ ಕಣ್ರಪ್ಪ. ನಮ್ಮ ಹುಡ್ಗಿಗೆ ಇಷ್ಟ ಇಲ್ಲ. ನಂಗೂ ಇಲ್ಲ. ಅವ್ಳು ಕೆಲ್ಸ ಬುಡಲ್ಲ. ನೀವು ಬ್ಯಾರೆ ನೋಡ್ಕಳಿ." ಒಂದು ಸಲ ಕಿತ್ತು ಬಂದ ಮೇಲೆ ನಿಲ್ಲಲೇ ಇಲ್ಲ, ಸರಾಗವಾಗಿ ಹರಿಯಿತು. ನಾದಿನಿ ಓಡಿ ಬಂದು ಅಪ್ಪನ ತೋಳು ಹಿಡಿದುಕೊಂಡಳು. ನನ್ನ ಕಣ್ಣೂ ಒದ್ದೆಯಾಯಿತು. ಕಂಟ್ರಾಕ್ಟರು ದಡಕ್ಕನೆ ಎದ್ದರು, ಹೆಂಡತಿ ಮಗ ಇಬ್ಬರೂ ಎದ್ದರು.

ತಕ್ಷಣ ಮಾವ ಬಾಗಿಲಿಗೆ ಅಡ್ಡ ನಿಂತರು. "ಎಲ್ಲಿಗೆ? ಸಂಬಂಧ ಬ್ಯಾಡ, ಸರಿ. ಬಾಗ್ಲಿಗೆ ಬಂದೋರು ಹಸ್ಕಂಡು ಹೋಗಕೂಡ್ದು. ಒಬ್ಬಟ್ಟು ಮಾಡ್ಸಿವ್ನಿ. ಕೂತ್ಕಳಿ."

ಕೂತರು. ಉಂಡರು. ಹುಡುಗ ನಾಲ್ಕು ಒಬ್ಬಟ್ಟು ತಿಂದ, ಮೇಲೆ ತುಪ್ಪ ಕೇಳಿ ಹಾಕಿಸಿಕೊಂಡ. ನಾದಿನಿಯೇ ಬಡಿಸಿದಳು, ಅವಳ ಜನ್ಮದಲ್ಲಿ ಅಷ್ಟು ಸಂತೋಷದಿಂದ ಯಾರಿಗೂ ಬಡಿಸಿರಲಿಕ್ಕಿಲ್ಲ.

ಊಟ ಆಗಿ ಅವರು ಹೊರಟಾಗ ಕಾರಿನ ತನಕ ಕಳಿಸೋಕೆ ನಾನೇ ಹೋದೆ. ಕಂಟ್ರಾಕ್ಟರು ಹೆಂಡತಿ ಮಗನನ್ನು ಕಾರಿನಲ್ಲಿ ಕೂರಿಸಿ, ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದರು. ಎರಡೇಟು ಬೀಳುತ್ತದೆ ಅಂತ ನಾನು ಮೈ ಬಿಗಿ ಹಿಡಿದುಕೊಂಡೆ. ಅವರು ದನಿ ತಗ್ಗಿಸಿದರು.

"ಮೇಷ್ಟ್ರೇ, ನಿಮಗೆ ಕಂಪ್ಯೂಟ್ರು ಚೆಂದಾಗಿ ಗೊತ್ತಂತಲ್ಲ?"

"ಹೀಗೇ... ಸ್ವಲ್ಪ" ಅಂದೆ.

"ನಾಳಿದ್ದು ತೊಣ್ಣೂರಿಗೆ ಹೆಣ್ಣು ನೋಡಾಕೆ ಹೋಗ್ತಾ ಇವ್ನಿ. ಅವ್ರ ಮನೆಲೂ ಕಂಪ್ಯೂಟ್ರು ಐತಂತೆ. ವಸಿ ಮುಂಚೆನೇ ಹೋಗಿ ಕೆಡ್ಸಿಕೊಡ್ತೀರಾ?"